ಉಪ್ಪುಗಾಳಿಯಲ್ಲಿ ತೇಗ

ಮುಂಬೈಯ ಗಿರ್ಗಾಂವ್, ಕಾಳಬಾದೇವಿ, ಭುಲೇಶ್ವರಗಳಲ್ಲಿ ನೂರು ವರ್ಷ ದಾಟಿದ ಚಾಳೊಂದನ್ನು ಕೆಡವಲು ಹಿಡಿದ ಗುತ್ತಿಗೆದಾರ ಮೊದಲು ಎಣಿಸುವುದು ತೊಲೆಗಳನ್ನು. ಇಟ್ಟಿಗೆ ಚೂರು, ಗಾರೆ, ಒಡೆದ ಹೆಂಚು ಇವನ್ನೆಲ್ಲ ಸಾಗಿಸಲು ಅವನೇ ಲಾರಿ ಬಾಡಿಗೆ ತೆರಬೇಕು. ತೊಲೆ, ಜಂತಿ, ಕಂಬ, ಬಾಗಿಲ ಚೌಕಟ್ಟುಗಳಿಗಾದರೆ ಕೊಳ್ಳುವವರು ಅಂಗಳಕ್ಕೇ ಬರುತ್ತಾರೆ. ಹತ್ತಾರು ಸಲ ಬಳಿದ ಎಣ್ಣೆಬಣ್ಣ, ಒಲೆಯ ಮಸಿ, ಜಿಡ್ಡು ಎಲ್ಲವನ್ನೂ ಕೆರೆದು ಒಮ್ಮೆ ತೋಪಡ ಎಳೆದರೆ ಸಾಕು, ಒಳಗಿನಿಂದ ಹೊಂಬಣ್ಣದ ಮರ ಕಾಣಿಸಿಕೊಳ್ಳುತ್ತದೆ. ಹದಮಾಡಿದ ಚರ್ಮದ್ದೆನ್ನಬಹುದಾದ ಅದರ ವಾಸನೆಯೂ ಹೋಗಿರುವುದಿಲ್ಲ.

ಸಮುದ್ರ ಹತ್ತಿರದಲ್ಲೇ ಇರುವ, ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಗಳೇ ಬೆವರುವ ಊರಿನಲ್ಲಿ ನೂರು ಮಳೆಗಾಲ ಕಳೆದ ಸರಕೊಂದು ಮತ್ತೆ ಮಾರಾಟಕ್ಕೆ ಬರುವುದು ಸಣ್ಣ ಸಂಗತಿಯಲ್ಲ. ಅದೇ ಗಾಳಿಯಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಎಷ್ಟೋ ಕಡೆ ಮೂವತ್ತು ನಲವತ್ತು ವರ್ಷಕ್ಕೇ ತುಕ್ಕು ಹಿಡಿದು ಉಬ್ಬಿ ಚಾವಣಿ ಒಡೆಯುತ್ತದೆ. ತೇಗ ಗಟ್ಟಿಮರ, ಅದಕ್ಕೇ ಬಾಳುತ್ತದೆ ಎಂಬ ಉತ್ತರ ಇಲ್ಲಿ ಸಾಲದು. ಬರೀ ಗಟ್ಟಿತನ ನೋಡಿದರೆ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ತೇಗವನ್ನು ಮೀರಿಸುವ ಮರಗಳು ಹಲವಿವೆ. ಒಣಗಿದ ತೇಗ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಮತ್ತಿ, ಜಂಬೆಗಳು 800 ದಾಟುತ್ತವೆ. ಕಿರಾಲುಬೋಗಿಯ ಮುಂದೆ ತೇಗ ಹಗುರ ಮರ. ಹಾಗಿದ್ದೂ ಬಡಗಿ, ಹಡಗು ಕಟ್ಟುವವ, ರೈಲ್ವೆ ಬೋಗಿ ಮಾಡುವವ ಎಲ್ಲರೂ ತಲೆಮಾರುಗಳ ಕಾಲ ಇದನ್ನೇ ಕೇಳಿದರು.

ಕಾರಣದ ಮೊದಲ ಎಳೆ ಗಾಳಿಯ ತೇವದಲ್ಲಿದೆ. ಕಡಿದು, ಕೊಯ್ದು, ಒಣಗಿಸಿ ಕಟ್ಟಡದಲ್ಲಿ ಕೂರಿಸಿದ ಮೇಲೂ ಮರ ಗಾಳಿಯ ಜೊತೆ ನೀರಿನ ವ್ಯವಹಾರ ನಿಲ್ಲಿಸುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಫೆಬ್ರುವರಿಯ ಮುಂಬೈಯಲ್ಲಿ ಹಲಗೆಯೊಂದರ ತೇವಾಂಶ ಅದರ ಒಣತೂಕದ ಶೇ 11ರ ಆಸುಪಾಸು ಇದ್ದರೆ, ಜುಲೈಯ ಜಡಿಮಳೆಯಲ್ಲಿ ಅದು ಶೇ 17ರ ಹತ್ತಿರ ಹೋಗುತ್ತದೆ. ಈ ಆರು ಅಂಶದ ಏರಿಳಿತದಲ್ಲಿ ಒಂದು ಅಡಿ ಅಗಲದ ತೇಗದ ಹಲಗೆ ಹೆಚ್ಚೆಂದರೆ ಮೂರೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅದೇ ಅಗಲದ ಓಕ್ ಹಲಗೆ ಅದರ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಬೇಸಿಗೆಯಲ್ಲಿ ಬಾಗಿಲ ಹಲಗೆಗಳ ನಡುವೆ ಬೆಳಕಿಂಡಿ ಬೀಳುವುದು ಯಾಕೆಂಬುದು ಈ ಲೆಕ್ಕದಲ್ಲೇ ಇದೆ. ಮರ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹಿಗ್ಗುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಂದರೆ. ಉಂಗುರಗಳ ಗುಂಟ ಹೆಚ್ಚು ಹಿಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ಈ ವ್ಯತ್ಯಾಸವೇ ಹಲಗೆಯನ್ನು ಸೊಟ್ಟಗೆ ತಿರುಚುತ್ತದೆ, ಸೀಳುತ್ತದೆ. ತೇಗದಲ್ಲಿ ಎರಡೂ ಕಡೆಯ ಹಿಗ್ಗು ಕಡಿಮೆಯಾದ್ದರಿಂದ ಈ ಜಗಳವೂ ಚಿಕ್ಕದು.

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಭಾರತದ ಮರಗಳನ್ನು ಹೋಲಿಸಲು ಒಂದು ಅಳತೆಗೋಲು ಮಾಡಿಕೊಂಡಿದೆ. ತೇಗಕ್ಕೆ ಎಲ್ಲ ಗುಣದಲ್ಲೂ 100 ಅಂಕ. ಬೇರೆ ಮರಗಳ ತೂಕ, ತೊಲೆಯಾಗಿ ಬಲ, ಬಾಗದೆ ನಿಲ್ಲುವ ಶಕ್ತಿ, ಕಂಬವಾಗಿ ಯೋಗ್ಯತೆ, ಪೆಟ್ಟು ತಾಳುವ ಗುಣ, ಆಕಾರ ಉಳಿಸಿಕೊಳ್ಳುವ ಗುಣ, ಗಡಸುತನ ಎಲ್ಲವನ್ನೂ ಆ ನೂರರ ಎದುರು ಇಟ್ಟು ಅಳೆಯುತ್ತಾರೆ. ಈ ಪಟ್ಟಿಯನ್ನು ಓದುತ್ತಾ ಹೋದರೆ ಗಡಸುತನದ ಕಾಲಂನಲ್ಲಿ ನೂರನ್ನು ದಾಟಿದ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಆಕಾರ ಉಳಿಸಿಕೊಳ್ಳುವ ಕಾಲಂಗೆ ಬಂದಾಗ ನೂರರ ಹತ್ತಿರ ನಿಲ್ಲುವವು ವಿರಳ. ತೇಗದ ಹಿರಿಮೆ ಇರುವುದು ಇಲ್ಲಿ. ತೂಕಕ್ಕೆ ತಕ್ಕ ಬಲ, ಉಳಿಗೆ ಬಗ್ಗುವಷ್ಟು ಮೃದುತನ, ಕೂರಿಸಿದ ಮೇಲೆ ಕದಲದ ಸ್ವಭಾವ. ಯಾವುದರಲ್ಲೂ ಅತಿ ಇಲ್ಲದ ಈ ಹದವನ್ನು ನಾನು ಬೀಟೆಯ ಚೆಲುವಿಗಿಂತ, ಜಂಬೆಯ ಕಸುವಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಎರಡನೆಯ ಎಳೆ ಮರದ ಒಳಗಿನ ರಸಾಯನದಲ್ಲಿದೆ. ತೇಗದ ದಿಮ್ಮಿಯನ್ನು ಅಡ್ಡ ಕೊಯ್ದು ನೋಡಿದರೆ ವರ್ಷವರ್ಷದ ಉಂಗುರಗಳು ಬರಿಗಣ್ಣಿಗೇ ಕಾಣುತ್ತವೆ. ಉಷ್ಣವಲಯದ ಮರಗಳಲ್ಲಿ ಇದು ಅಪರೂಪ. ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರಿಸಿ ನಿಲ್ಲುವ ಈ ಮರ, ಮಳೆಯ ಸೂಚನೆ ಸಿಕ್ಕಾಗ ಮೊದಲು ದೊಡ್ಡ ನೀರ್ನಾಳಗಳ ಒಂದು ಸಾಲು ಕಟ್ಟುತ್ತದೆ. ಆಮೇಲೆ ಉಳಿದ ಋತುವಿಗೆ ಸಣ್ಣ ನಾಳ, ದಪ್ಪ ಗೋಡೆಯ ನಾರು ಕಟ್ಟುತ್ತದೆ. ಹೊರಗಿನ ಬಿಳಿ ಭಾಗದ ಜೀವಕೋಶಗಳು ಕ್ರಮೇಣ ಸಾಯುವಾಗ ತಮ್ಮಲ್ಲಿದ್ದ ಪಿಷ್ಟವನ್ನೆಲ್ಲ ಬೇರೆಯೇ ವಸ್ತುಗಳನ್ನಾಗಿ ಮಾರ್ಪಡಿಸಿ ಸುತ್ತಲಿನ ನಾಳ, ಗೋಡೆಗಳಲ್ಲಿ ತುಂಬುತ್ತವೆ. ಹೀಗೆ ತುಂಬಿಕೊಂಡ ಒಳಭಾಗವೇ ಚೇಗು. ಅದರಲ್ಲಿ ಟೆಕ್ಟೋಕ್ವಿನೋನ್ ಇದೆ, ಗೆದ್ದಲಿಗೆ ಅದು ಸೇರದು. ಲ್ಯಾಪಚಾಲ್ ಮತ್ತು ಅದರ ಬಳಗದ ವಸ್ತುಗಳಿವೆ. ಮರದಲ್ಲಿ ಯಾರೂ ನಿರೀಕ್ಷಿಸದ ರಬ್ಬರಿನ ಅಂಶವೂ ಸ್ವಲ್ಪ ಇದೆ. ಕೈಗೆ ಹತ್ತುವ ಆ ಜಿಡ್ಡು, ನೀರನ್ನು ಒಳಬಿಡಲು ಹಿಂದೇಟು ಹಾಕುವ ಗುಣ ಇವೆಲ್ಲ ಸೇರಿ ಬಂದದ್ದು.

ಇದರ ಬೆಲೆಯನ್ನು ಬಡಗಿ ತೆರುತ್ತಾನೆ. ತೇಗದಲ್ಲಿ ಸಿಲಿಕಾ ಕಣಗಳಿರುವುದರಿಂದ ಗರಗಸದ ಹಲ್ಲು, ಉಳಿಯ ಬಾಯಿ ಬೇಗ ಮೊಂಡಾಗುತ್ತವೆ. ಜಿಡ್ಡಿನಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅಂಟಿಸುವ ಮೊದಲು ಆಗಷ್ಟೇ ತೋಪಡ ಹಾಕಿದ ಮೈ ಬೇಕು. ಧೂಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಗೆದ್ದಲನ್ನು ದೂರವಿಡುವ ವಸ್ತುಗಳ ಬಳಗದ್ದೇ ಈ ಕಾಟ. ಮತ್ತೊಂದು ಮಾತು ಮುಖ್ಯ: ಈ ಎಲ್ಲ ರಕ್ಷಣೆ ಚೇಗಿಗೆ ಮಾತ್ರ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಹಾಗೇ ಉಳಿದಿರುತ್ತದೆ. ಕುಟ್ಟೆ ಹುಳು ಅದನ್ನು ಬೇರೆ ಯಾವ ಮರವನ್ನು ತಿಂದಷ್ಟೇ ಸಲೀಸಾಗಿ ತಿಂದು ಹಿಟ್ಟು ಮಾಡುತ್ತದೆ.

ಮುಂಬೈಯಲ್ಲಿ ಈ ಗುಣಗಳೆಲ್ಲ ಒಟ್ಟಿಗೆ ಪರೀಕ್ಷೆಗೆ ಒಳಗಾದದ್ದು ಹಡಗುಕಟ್ಟೆಯಲ್ಲಿ. ಲವ್‌ಜೀ ನುಸ್ಸರ್‌ವಾನ್‌ಜೀ ವಾಡಿಯಾ ಎಂಬ ಪಾರ್ಸಿ ಬಡಗಿ 1730ರ ದಶಕದ ನಡುವಿನಲ್ಲಿ ಸೂರತ್ ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಮುಂಬೈಗೆ ಬಂದ. 1750ರಲ್ಲಿ ಇಲ್ಲಿ ಕಟ್ಟಿದ ಒಣಗಟ್ಟೆ, ಅಂದರೆ ನೀರು ಹೊರಹಾಕಿ ಹಡಗಿನ ತಳ ರಿಪೇರಿ ಮಾಡುವ ಡ್ರೈ ಡಾಕ್, ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಅಪ್ಪನ ನಂತರ ಮಕ್ಕಳು, ಮೊಮ್ಮಕ್ಕಳು ಅದೇ ಉಳಿ ಹಿಡಿದರು. ಆ ಹೊತ್ತಿಗೆ ಯುರೋಪಿನ ಯುದ್ಧಗಳಿಂದ ಬ್ರಿಟನ್ನಿನ ಓಕ್ ಕಾಡುಗಳು ಬಡವಾಗಿದ್ದವು, ಅಲ್ಲಿನ ನೌಕಾಪಡೆ ಮುಂಬೈಯ ತೇಗದ ಹಡಗುಗಳತ್ತ ತಿರುಗಿತು. ಲವ್‌ಜೀಯ ಮೊಮ್ಮಗ ಜಮ್‌ಷೆಟ್‌ಜೀ ಬೊಮನ್‌ಜೀ ಕಟ್ಟಿದ ‘ಮಿಂಡೆನ್’ 1810ರಲ್ಲಿ ನೀರಿಗಿಳಿಯಿತು. ಬ್ರಿಟನ್ನಿನ ಹೊರಗೆ ರಾಯಲ್ ನೇವಿಗಾಗಿ ಕಟ್ಟಿದ ಮೊದಲ ದೊಡ್ಡ ಸಮರನೌಕೆ ಅದು. 1813ರಲ್ಲಿ ‘ಕಾರ್ನ್‌ವಾಲಿಸ್’, 1817ರ ಅಕ್ಟೋಬರ್ 12ರಂದು ‘ಟ್ರಿಂಕೋಮಲಿ’, 1824ರಲ್ಲಿ ‘ಏಷಿಯಾ’.

ಓಕ್‌ನ ಬದಲಿಗೆ ಸಿಕ್ಕಿದ್ದನ್ನು ಬಳಸಿದರು ಎಂದು ಇದನ್ನು ಓದಿಕೊಳ್ಳುವುದು ತಪ್ಪು. ಮರದ ಹಡಗನ್ನು ಹಿಡಿದು ನಿಲ್ಲಿಸುವುದು ಸಾವಿರಾರು ಮೊಳೆ, ಬೋಲ್ಟು. ಓಕ್‌ನಲ್ಲಿ ಟ್ಯಾನಿನ್ ಮತ್ತು ಇತರ ಆಮ್ಲಗಳು ಹೆಚ್ಚು. ಒದ್ದೆಯಾದಾಗ ಅವು ಕಬ್ಬಿಣವನ್ನು ತಿನ್ನುತ್ತವೆ, ತುಕ್ಕು ಮರಳಿ ಮರವನ್ನು ತಿನ್ನುತ್ತದೆ, ಮೊಳೆಯ ಸುತ್ತ ಕಪ್ಪು ಕಲೆ ಹರಡಿ ಕೊನೆಗೆ ಮೊಳೆ ತೂತಿನಲ್ಲಿ ಅಲುಗಾಡುತ್ತದೆ. ತೇಗದಲ್ಲಿ ಆ ಆಮ್ಲಗಳ ಕಾಟ ಇಲ್ಲ, ಜೊತೆಗೆ ಅದರ ಜಿಡ್ಡು ಲೋಹಕ್ಕೆ ತೆಳುವಾದ ಹೊದಿಕೆಯಾಗುತ್ತದೆ. ಹಡಗಿನ ಆಯುಸ್ಸು ಹಲಗೆಯ ಬಲಕ್ಕಿಂತ ಮೊಳೆ ಮತ್ತು ಮರದ ಈ ಹೊಂದಾಣಿಕೆಯನ್ನು ಹೆಚ್ಚು ಅವಲಂಬಿಸಿತ್ತು. ತೇಗವೂ ಎಲ್ಲಕ್ಕೂ ಉತ್ತರವಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು ತೇಗವನ್ನೂ ಪೂರ್ತಿ ಬಿಡುವುದಿಲ್ಲ. ಅದಕ್ಕೇ ನೀರಿನ ಮಟ್ಟದ ಕೆಳಗೆ ತಾಮ್ರದ ತಗಡು ಹೊದಿಸುತ್ತಿದ್ದರು.

ಈ ಹಡಗುಗಳು ಮುಂದೆ ಏನಾದವು ನೋಡಿ. ‘ಏಷಿಯಾ’ 1827ರ ನವಾರಿನೋ ಕದನದಲ್ಲಿ ಅಡ್ಮಿರಲ್ ಕಾಡ್ರಿಂಗ್‌ಟನ್‌ನ ಧ್ವಜನೌಕೆಯಾಯಿತು. ‘ಕಾರ್ನ್‌ವಾಲಿಸ್’ ಮೇಲೆ 1842ರ ಆಗಸ್ಟ್ 29ರಂದು ಚೀನಾದೊಡನೆಯ ಅಫೀಮಿನ ಯುದ್ಧ ಮುಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು, ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು. ಆ ಅನ್ಯಾಯಕ್ಕೆ ನಮ್ಮ ಘಟ್ಟದ ಮರ ವೇದಿಕೆಯಾದದ್ದು ನೆನೆದರೆ ನೋವಾಗುತ್ತದೆ. ಮುಂದೆ ಅದೇ ಹಡಗಿಗೆ ಉಗಿಯಂತ್ರ ಕೂಡಿಸಿದರು, ಆಮೇಲೆ ಇಂಗ್ಲೆಂಡಿನ ಶೀರ್‌ನೆಸ್‌ನಲ್ಲಿ ಕಟ್ಟೆಯಾಗಿ ನಿಲ್ಲಿಸಿದರು, ಕೊನೆಗೆ ಒಡೆದು ಹಾಕಿದ್ದು 1957ರಲ್ಲಿ. 144 ವರ್ಷ. ‘ಟ್ರಿಂಕೋಮಲಿ’ಯಂತೂ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಆ ದೇಶದಲ್ಲಿ ತೇಲುತ್ತಿರುವ ಸಮರನೌಕೆಗಳಲ್ಲಿ ಅದೇ ಹಳೆಯದು. ಅದರ ಬೆನ್ನೆಲುಬು ಕೂಡಿಸಿದ್ದು ಮುಂಬೈಯ ಉಳಿ, ಮರ ಬಂದದ್ದು ಪಶ್ಚಿಮ ಕರಾವಳಿಯ ಕಾಡುಗಳಿಂದ.

ಆ ಕಾಡುಗಳ ಕಡೆಗೆ ಈಗ ಬರೋಣ. ಹಡಗುಕಟ್ಟೆಯ ಹಸಿವು ಎಷ್ಟಿತ್ತೆಂದರೆ 1806ರಲ್ಲಿ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಮಲಬಾರ್ ಮತ್ತು ತಿರುವಾಂಕೂರಿಗೆ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಭಾರತದಲ್ಲಿ ಆ ಹುದ್ದೆ ಅದೇ ಮೊದಲು. ಹೆಸರು ಸಂರಕ್ಷಣೆ, ಕೆಲಸ ಮುಂಬೈಗೆ ಅಗ್ಗದಲ್ಲಿ ತೇಗ ಒದಗಿಸುವುದು. ಖಾಸಗಿ ಜಮೀನಿನ ತೇಗಕ್ಕೂ ಸರ್ಕಾರದ ಹಕ್ಕು ಬಂತು, ರೈತರೂ ವ್ಯಾಪಾರಿಗಳೂ ರೊಚ್ಚಿಗೆದ್ದರು. 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದುಪಡಿಸಿದ. ಮನ್ರೋ ಅದಕ್ಕೂ ಮೊದಲು ಕೆನರಾದ ಕಲೆಕ್ಟರ್ ಆಗಿದ್ದವ, ಜನರ ಕಷ್ಟ ಕಂಡವ. ಆದರೆ ಕಾವಲು ಹೋದ ಮೇಲೆ ಕೊಡಲಿ ಇನ್ನೂ ಜೋರಾಯಿತು ಎಂಬುದೂ ನಿಜ. 1847ರಲ್ಲಿ ಮುಂಬೈ ಸರ್ಕಾರ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಸಂರಕ್ಷಕನಾಗಿ ನೇಮಿಸಿತು. ಇತ್ತ ಮಲಬಾರಿನ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ನಿಲಂಬೂರಿನಲ್ಲಿ ಚಾತು ಮೆನನ್‌ನ ನೆರವಿನಿಂದ ತೇಗದ ತೋಟ ಹಾಕಿಸಿದ, ಅದರ ಒಂದು ತುಂಡು ಈಗಲೂ ನಿಂತಿದೆ.

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ಕನ್ನಡನಾಡು ಒಂದಾಗುವವರೆಗೂ ಅಲ್ಲೇ ಉಳಿಯಿತು. ಹಳಿಯಾಳ, ದಾಂಡೇಲಿ, ಯಲ್ಲಾಪುರಗಳ ಸಾಗವಾನಿ ಕಾಡು ಹೀಗೆ ಮುಂಬೈಯ ಸ್ವಂತ ಉಗ್ರಾಣವಾಯಿತು. ಹಸಿ ತೇಗ ನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ. ಅದಕ್ಕೆಂದೇ ಬುಡದ ಸುತ್ತ ತೊಗಟೆ ಮತ್ತು ಬಿಳಿ ಭಾಗವನ್ನು ಬಳೆಯಾಕಾರದಲ್ಲಿ ಕಡಿದು, ಮರವನ್ನು ನಿಂತಲ್ಲೇ ಎರಡು ಮೂರು ವರ್ಷ ಒಣಗಲು ಬಿಡುವ ಪದ್ಧತಿ ಇತ್ತು. ಆಮೇಲೆ ಕಡಿದು ಹೊಳೆಗೆ ತಂದರೆ ದಿಮ್ಮಿ ತೇಲುತ್ತದೆ, ಬಿರುಕೂ ಕಡಿಮೆ. ಕಾಳಿ ನದಿ ಕಾರವಾರದ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಆ ನೀರಿನ ದಾರಿಯಲ್ಲಿ ನಾಟಾ ಇಳಿಯಿತು, ಅಲ್ಲಿಂದ ಮುಂದಕ್ಕೆ ಕರಾವಳಿಯ ಹಡಗು. ಮುಂಬೈಯ ಪೂರ್ವ ದಂಡೆಯಲ್ಲಿ ರೇ ರೋಡ್, ದಾರೂಖಾನಾ ಸುತ್ತಲಿನ ಲಕ್ಡಿ ಬಂದರ್ ತನ್ನ ಹೆಸರನ್ನು ಇನ್ನೂ ಉಳಿಸಿಕೊಂಡಿದೆ, ಸಾ ಮಿಲ್ಲುಗಳೂ ಟಿಂಬರ್ ಅಂಗಡಿಗಳೂ ಆ ಕಡೆ ಇವೆ. ಮುಂದೆ ಬರ್ಮಾದ ತೇಗವೂ ಹಡಗು ಹಡಗಾಗಿ ಬಂತು. ಗಿರ್ಗಾಂವಿನ ಹಳೇ ತೊಲೆಯೊಂದನ್ನು ನೋಡಿ ಇದು ಘಟ್ಟದ್ದೋ ಬರ್ಮಾದ್ದೋ ಎಂದು ಬರಿಗಣ್ಣಿನಲ್ಲಿ ಖಚಿತವಾಗಿ ಹೇಳುವುದು ಕಷ್ಟ. ವ್ಯಾಪಾರಿಗಳು ಬೆಲೆಯೇರಿಸಲು ಎಲ್ಲವನ್ನೂ ಬರ್ಮಾ ಅನ್ನುತ್ತಾರೆ.

ತೇಗ ನೋಡಲು ದಾಂಡೇಲಿಗೇ ಹೋಗಬೇಕಿಲ್ಲ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನಗರಕ್ಕೆ ತಾಗಿಕೊಂಡೇ ಇರುವ, ನೂರು ಚದರ ಕಿಲೋಮೀಟರು ದಾಟಿದ ಕಾಡು, ಅಲ್ಲಿ ತೇಗ ಧಾರಾಳ. ಮಳೆಗಾಲದಲ್ಲಿ ಕೆನೆಬಿಳಿ ಹೂಗೊಂಚಲು, ಎಳೆ ಎಲೆ ಹೊಸಕಿದರೆ ಬೆರಳಿಗೆ ಕೆಂಪು. ಮಳೆ ಇಳಿಮುಖವಾಗುವಾಗ ಸಣ್ಣ ಪತಂಗವೊಂದರ ಮರಿಹುಳುಗಳು ಎಲೆಯ ಹಸಿರನ್ನೆಲ್ಲ ಮೆದ್ದು ನರಗಳ ಜಾಲರಿ ಮಾತ್ರ ಬಿಡುತ್ತವೆ. ಕಾಡಿಗೆ ಬೆಂಕಿ ತಗುಲಿತೋ ಎಂದು ಹೊಸಬರು ಗಾಬರಿಯಾಗುತ್ತಾರೆ, ಮರಕ್ಕೆ ಅದು ಆ ವರ್ಷದ ಬೆಳವಣಿಗೆಯಲ್ಲಿ ಒಂದಿಷ್ಟು ನಷ್ಟ, ಅಷ್ಟೆ. ಅದೇ ಉದ್ಯಾನದೊಳಗಿನ ಕಾನ್ಹೇರಿ ಬೌದ್ಧ ಗವಿಗಳ ದೊಡ್ಡ ಚೈತ್ಯದಲ್ಲಿ ಒಂದು ಕಾಲಕ್ಕೆ ಕಲ್ಲಿನ ಕಮಾನು ಚಾವಣಿಗೆ ಮರದ ಪಕ್ಕೆಲುಬುಗಳಿದ್ದವು, ಈಗ ಅವಿಲ್ಲ. ಲೋನಾವಳದ ಹತ್ತಿರದ ಕಾರ್ಲೆಯಲ್ಲಾದರೋ ಅಂಥ ಪಕ್ಕೆಲುಬುಗಳು ಸುಮಾರು ಎರಡು ಸಾವಿರ ವರ್ಷದಿಂದ ಚಾವಣಿಯಲ್ಲೇ ಇವೆ. ಒಣಗಿದ, ಗಾಳಿಯಾಡುವ ಜಾಗದಲ್ಲಿಟ್ಟರೆ ಮರಕ್ಕೆ ಕಾಲದ ಭಯವಿಲ್ಲ.

ಕಾರ್ಲೆಯ ಗವಿಯಲ್ಲಿ ಎರಡು ಸಾವಿರ ವರ್ಷ ನಿಂತದ್ದು ಗಿರ್ಗಾಂವಿನಲ್ಲಿ ನೂರಕ್ಕೇ ಕುಸಿಯುವುದೇಕೆ? ಮರ ಕೊಳೆಯುವುದೆಂದರೆ ಶಿಲೀಂಧ್ರ ಅದನ್ನು ತಿನ್ನುವುದು. ತೇವಾಂಶ ಶೇ 20ರ ಕೆಳಗಿದ್ದಷ್ಟು ಕಾಲ ಶಿಲೀಂಧ್ರ ಚಿಗುರುವುದಿಲ್ಲ. ಮುಂಬೈಯ ಮಳೆಗಾಲದ ಗಾಳಿ, ಆಗಲೇ ಹೇಳಿದಂತೆ, ಮರವನ್ನು 17ರ ಹತ್ತಿರ ತಂದು ನಿಲ್ಲಿಸುತ್ತದೆ. ಸುರಕ್ಷಿತ, ಆದರೆ ಅಂಚಿನಲ್ಲಿ. ಆ ಅಂಚನ್ನು ದಾಟಿಸುವುದು ಗಾಳಿಯಲ್ಲ, ಸೋರುವ ನೀರು. ಚಾಳಿನ ಖೋಲಿಯ ಮೂಲೆಯ ಮೋರಿ, ಹೊರಗೋಡೆಗೆ ಆತುಕೊಂಡ ಶೌಚಾಲಯದ ಪೈಪು, ಗೋಡೆಯೊಳಗೆ ಹುದುಗಿದ ತೊಲೆಯ ತುದಿ: ಕೆಟ್ಟ ತೊಲೆಗಳು ಹೆಚ್ಚಾಗಿ ಇಲ್ಲೇ ಕೆಟ್ಟಿರುತ್ತವೆ. ನೀರು ನಾರಿನ ಉದ್ದಕ್ಕೆ, ಅಂದರೆ ಕೊಯ್ದ ತುದಿಯಿಂದ, ಅಡ್ಡಲಾಗಿ ಹೋಗುವುದಕ್ಕಿಂತ ಬಹಳ ಬೇಗ ಒಳಹೋಗುತ್ತದೆ. ಗೋಡೆಯೊಳಗಿನ ತುದಿಗೆ ಗಾಳಿ ಇಲ್ಲ, ಒಣಗಲು ದಾರಿ ಇಲ್ಲ. ನಡುವಿನ ಹತ್ತಡಿ ಗಟ್ಟಿಯಾಗಿದ್ದರೂ ಗೋಡೆಯೊಳಗಿನ ಒಂಬತ್ತಿಂಚು ಮೆತ್ತಗಾದರೆ ಮಹಡಿ ಇಳಿಯುತ್ತದೆ.

1969ರ ಕಾನೂನಿನಡಿ ದುರಸ್ತಿಗಾಗಿ ಸೆಸ್ ಕಟ್ಟುವ ದ್ವೀಪನಗರದ ಕಟ್ಟಡಗಳು ಆಗ ಹತ್ತೊಂಬತ್ತು ಸಾವಿರ ಮೀರಿದ್ದವು. ಇವುಗಳಲ್ಲಿ 1940ಕ್ಕೆ ಮೊದಲಿನ ‘ಎ’ ವರ್ಗದವೇ ಬಹುಪಾಲು, ಮರದ ಚೌಕಟ್ಟಿನವು ಅವುಗಳಲ್ಲಿ ಸಾಕಷ್ಟು. ಮಳೆಗಾಲ ಬಂತೆಂದರೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ಅಲ್ಲಿ ವಾಸಿಸುವವರ ಜೀವಕ್ಕಿಂತ ಯಾವ ತೊಲೆಯೂ ದೊಡ್ಡದಲ್ಲ, ಕೆಡವಬೇಕಾದ್ದನ್ನು ಕೆಡವಲೇಬೇಕು. ಆದರೆ ಕೆಡವುವ ಮುನ್ನ ಅದರಲ್ಲಿ ಎಷ್ಟು ಘನ ಅಡಿ ತೇಗವಿದೆ, ಅದು ಎಲ್ಲಿಗೆ ಹೋಗುತ್ತದೆ ಎಂಬ ಪಟ್ಟಿಯೂ ಆಗಬೇಕೆಂದು ನನ್ನ ಬಲವಾದ ಆಸೆ. ಮರದ ಒಣತೂಕದ ಸುಮಾರು ಅರ್ಧ ಇಂಗಾಲ. ಒಂದು ಘನ ಮೀಟರು ತೇಗ ಉಳಿದರೆ ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡು ಗಾಳಿಗೆ ಹೋಗದೆ ಉಳಿಯಿತು ಎಂದರ್ಥ.

ಹೊಸ ತೇಗ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಘಾನಾ, ಈಕ್ವೆಡಾರ್‌ಗಳ ತೋಟದ ತೇಗ ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿದೆ. ಬೇಗ ಬೆಳೆದ ತೇಗವೆಲ್ಲ ದುರ್ಬಲ ಎಂಬ ಮಾತು ಪೂರ್ತಿ ಸರಿಯಲ್ಲ. ತೇಗದಂಥ ಮರದಲ್ಲಿ ಉಂಗುರ ಅಗಲವಾದಾಗ ದಪ್ಪ ಗೋಡೆಯ ನಾರಿನ ಪಾಲೇ ಹೆಚ್ಚುವುದರಿಂದ ಬಲ ಅಷ್ಟೇನೂ ಕುಗ್ಗುವುದಿಲ್ಲ. ಕೊರತೆ ಬೇರೆ ಕಡೆ ಇದೆ. ಹದಿನೈದು ಇಪ್ಪತ್ತು ವರ್ಷದ ಮರದಲ್ಲಿ ಬಿಳಿ ಭಾಗ ಜಾಸ್ತಿ, ಇರುವ ಚೇಗಿನಲ್ಲೂ ರಕ್ಷಕ ವಸ್ತುಗಳು ಇನ್ನೂ ಪೂರ್ತಿ ತುಂಬಿರುವುದಿಲ್ಲ. 1990ರ ದಶಕದಲ್ಲಿ ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಎಂದು ತೇಗದ ಸಸಿಗಳ ಮೇಲೆ ಹಣ ಹಾಕಿಸಿಕೊಂಡ ಯೋಜನೆಗಳು ಮಧ್ಯಮವರ್ಗದ ಎಷ್ಟೋ ಮನೆಗಳ ಉಳಿತಾಯ ಕರಗಿಸಿದವು. 1999ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಅಂಥ ಸಾಮೂಹಿಕ ಹೂಡಿಕೆಗಳಿಗೆ ನಿಯಮ ತಂದಿತು. ಮರದ ವಯಸ್ಸಿಗೆ ಅಡ್ಡದಾರಿ ಇಲ್ಲವೆಂದು ಆಗ ಯಾವ ಬಡಗಿಯಾದರೂ ಹೇಳುತ್ತಿದ್ದ.

ಹಾಗಾಗಿ ಜೋಗೇಶ್ವರಿಯ ಓಶಿವರಾದಲ್ಲಿ, ರೇ ರೋಡಿನಲ್ಲಿ ಹಳೇ ಸಾಗವಾನಿ ಕೊಳ್ಳುವವರು ಬುದ್ಧಿವಂತರು. ಕೊಳ್ಳುವಾಗ ಬಣ್ಣದ ಮೇಲಿನಿಂದ ನಿರ್ಧರಿಸಬಾರದು. ಮೂಲೆಯೊಂದರಲ್ಲಿ ತೋಪಡ ಹಾಕಿಸಿ ಬಣ್ಣ, ವಾಸನೆ, ಜಿಡ್ಡು ನೋಡಬೇಕು. ಅಂಚಿನಲ್ಲಿ ಬಿಳಿ ಪಟ್ಟೆಯೋ ಸೂಜಿಮೊನೆಯಷ್ಟು ತೂತುಗಳೋ ಕಂಡರೆ ಆ ಭಾಗ ಕೊಯ್ಸಿ ಬಿಡಬೇಕು. ಗೋಡೆಯೊಳಗಿದ್ದ ಎರಡೂ ತುದಿಗೆ ಉಳಿ ಚುಚ್ಚಿ ನೋಡಬೇಕು. ಮೆತ್ತಗೆ ಇಳಿದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಬೇಕು, ಸಾಮಾನ್ಯವಾಗಿ ಅದು ಒಂದು ಒಂದೂವರೆ ಅಡಿಯಲ್ಲಿ ಸಿಕ್ಕಿಬಿಡುತ್ತದೆ. ಗರಗಸಕ್ಕೆ ಕೊಡುವ ಮುನ್ನ ಲೋಹ ಪತ್ತೆಯ ಯಂತ್ರ ಆಡಿಸಿ ಮೊಳೆಗಳನ್ನೆಲ್ಲ ಕೀಳಿಸಬೇಕು. ಚೇಗಿನೊಳಗೆ ಪೂರ್ತಿ ಹುದುಗಿದ್ದ ಮೊಳೆ ನೂರು ವರ್ಷದ ನಂತರವೂ ಎಷ್ಟೋ ಸಲ ತುಕ್ಕಿಲ್ಲದೆ ಹೊರಬರುತ್ತದೆ.